ಡ್ಯಾಕ್ ಪ್ರೆಸ್ಕಾಟ್‌ಗೆ ವರ್ಷಕ್ಕೆ 6 ಕೋಟಿ ಡಾಲರ್: ಕೌಬಾಯ್ಸ್ ಕೊಡುತ್ತಲೇ ಇರಬೇಕೇ?

2024ರ ಸೆಪ್ಟೆಂಬರ್ 8ರಂದು, ಕ್ಲೀವ್‌ಲ್ಯಾಂಡ್‌ನಲ್ಲಿ ಋತುವಿನ ಮೊದಲ ಪಂದ್ಯ ಶುರುವಾಗಲು ಇನ್ನು ಕೆಲವೇ ಗಂಟೆಗಳಿರುವಾಗ, ಡಲ್ಲಾಸ್ ಕೌಬಾಯ್ಸ್ ತಂಡ ತನ್ನ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಡ್ಯಾಕ್ ಪ್ರೆಸ್ಕಾಟ್ ಅವರ ಒಪ್ಪಂದವನ್ನು ನಾಲ್ಕು ವರ್ಷಗಳಿಗೆ ವಿಸ್ತರಿಸಿತು. ಮೊತ್ತ 24 ಕೋಟಿ ಡಾಲರ್, ಅದರಲ್ಲಿ 23.1 ಕೋಟಿ ಗ್ಯಾರಂಟಿ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್ ಮುಟ್ಟಿದ ಮೊದಲ ಆಟಗಾರ ಅವರೇ. ಒಪ್ಪಂದ 2028ರ ಋತುವಿನವರೆಗೆ ನಡೆಯುತ್ತದೆ. ಆಗ ಅವರಿಗೆ 35 ವರ್ಷ.

ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆಟಗಾರರ ಸಂಬಳಕ್ಕೆಂದು ತಂಡಗಳು ಖರ್ಚು ಮಾಡಬಹುದಾದ ಒಟ್ಟು ಹಣಕ್ಕೆ ವರ್ಷವರ್ಷವೂ ಒಂದು ಮಿತಿ ಇರುತ್ತದೆ. ಅದು ಸ್ಯಾಲರಿ ಕ್ಯಾಪ್. 2024ರಲ್ಲಿ ಅದು 25.54 ಕೋಟಿ ಡಾಲರ್ ಇತ್ತು, 2025ರಲ್ಲಿ 27.92 ಕೋಟಿ ಆಯಿತು. ಐಪಿಎಲ್ ಹರಾಜಿಗೆ 120 ಕೋಟಿ ರೂಪಾಯಿಯ ಮಿತಿ ಇದ್ದಾಗ ಆರ್‌ಸಿಬಿ ಅದರಲ್ಲಿ 21 ಕೋಟಿಯನ್ನು ವಿರಾಟ್ ಕೊಹ್ಲಿಯವರಿಗೇ ತೆಗೆದಿಟ್ಟದ್ದನ್ನು ನೆನಪಿಸಿಕೊಂಡರೆ ವಿಷಯದ ತಿರುಳು ನಮ್ಮವರಿಗೆ ತಿಳಿಯುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಉಳಿದ ಹಣದಲ್ಲಿ ಇನ್ನೂ 52 ಮಂದಿಯನ್ನು ಸಾಕಬೇಕು.

ಒಪ್ಪಂದವಾದ ಎರಡೇ ತಿಂಗಳಲ್ಲಿ, ನವೆಂಬರ್ 3ರಂದು ಅಟ್ಲಾಂಟಾದಲ್ಲಿ, ಪ್ರೆಸ್ಕಾಟ್ ತೊಡೆಯ ಸ್ನಾಯುವಿಗೆ ಪೆಟ್ಟು ಮಾಡಿಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ಆ ಋತು ಅವರ ಪಾಲಿಗೆ ಮುಗಿಯಿತು. ತಂಡ 7 ಗೆದ್ದು 10 ಸೋತಿತು. 2025ರಲ್ಲಿ 7 ಗೆಲುವು, 9 ಸೋಲು, ಒಂದು ಟೈ. ಎರಡೂ ವರ್ಷ ಪ್ಲೇಆಫ್ ಕೈತಪ್ಪಿತು. ಹೀಗಿರುವಾಗ ಈ ಹಣವನ್ನು ಕೊಡುತ್ತಲೇ ಇರಬೇಕೇ ಎಂಬ ಪ್ರಶ್ನೆ ಏಳದಿದ್ದರೆ ಆಶ್ಚರ್ಯ.

ಪರ: ಕೊಡದೆ ಹೋದವರ ಪಾಡನ್ನೂ ನೋಡಿ

ಪ್ರೆಸ್ಕಾಟ್ ಅವರನ್ನು ಈ ಕಾಲದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಎನಿಸಿಕೊಂಡ ಪ್ಯಾಟ್ರಿಕ್ ಮಹೋಮ್ಸ್ ಜೊತೆ ತೂಗಿ ನೋಡಿ ‘ಇವರಿಗೆ ಇಷ್ಟೇಕೆ’ ಎಂದು ಕೇಳುವವರು ತಪ್ಪು ತಕ್ಕಡಿ ಹಿಡಿದಿದ್ದಾರೆ. ಮಹೋಮ್ಸ್ ಮಾರಾಟಕ್ಕಿಲ್ಲ. ಪ್ರೆಸ್ಕಾಟ್ ಅವರನ್ನು ಬಿಟ್ಟರೆ ಆ ಜಾಗದಲ್ಲಿ ಯಾರು ನಿಲ್ಲುತ್ತಾರೆ ಎಂಬುದಷ್ಟೇ ಇಲ್ಲಿ ಕೇಳಬೇಕಾದದ್ದು, ಮತ್ತು ಅದಕ್ಕೆ ಉತ್ತರ ಡಲ್ಲಾಸ್ ತಂಡದ ಸ್ವಂತ ಚರಿತ್ರೆಯಲ್ಲೇ ಇದೆ. ಮೂರು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದುಕೊಟ್ಟ ಟ್ರಾಯ್ ಏಕ್‌ಮನ್ 2000ದ ಋತುವಿನ ನಂತರ ನಿವೃತ್ತರಾದರು. ಮರುವರ್ಷ, 2001ರ ಒಂದೇ ಋತುವಿನಲ್ಲಿ, ಕ್ವಿನ್ಸಿ ಕಾರ್ಟರ್, ಆಂಟನಿ ರೈಟ್, ರಯಾನ್ ಲೀಫ್, ಕ್ಲಿಂಟ್ ಸ್ಟೋರ್ನರ್ ಎಂಬ ನಾಲ್ವರನ್ನು ತಂಡ ಒಬ್ಬರ ನಂತರ ಒಬ್ಬರಂತೆ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಕಣಕ್ಕಿಳಿಸಿತು. 2000ದಿಂದ 2002ರವರೆಗೆ ಮೂರು ವರ್ಷವೂ 5 ಗೆಲುವು, 11 ಸೋಲು. ಆಮೇಲೆ ನಲವತ್ತು ದಾಟಿದ ವಿನ್ನಿ ಟೆಸ್ಟವರ್ಡಿ ಬಂದರು, ಬೇರೆ ತಂಡ ಕೈಬಿಟ್ಟ ಡ್ರೂ ಬ್ಲೆಡ್ಸೋ ಬಂದರು. ಯಾವ ತಂಡವೂ ಡ್ರಾಫ್ಟ್‌ನಲ್ಲಿ (ಕಾಲೇಜಿನಿಂದ ಬರುವ ಹೊಸಬರನ್ನು ತಂಡಗಳು ಸರದಿಯಂತೆ ಆರಿಸುವ ವಾರ್ಷಿಕ ಆಯ್ಕೆ) ಆರಿಸಿಕೊಳ್ಳದ ಟೋನಿ ರೋಮೋ 2006ರ ನಡುವಿನಲ್ಲಿ ಆ ಜಾಗ ಹಿಡಿಯುವವರೆಗೆ ಡಲ್ಲಾಸ್‌ಗೆ ನೆಲೆಯಾದ ಕ್ವಾರ್ಟರ್‌ಬ್ಯಾಕ್ ಎಂಬವರೇ ಇರಲಿಲ್ಲ. ರೋಮೋ ಸಿಕ್ಕಿದ್ದು ಅದೃಷ್ಟ. ಅವರು 2016ರಲ್ಲಿ ಬೆನ್ನಿಗೆ ಪೆಟ್ಟಾಗಿ ಕೂತಾಗ ನಾಲ್ಕನೇ ಸುತ್ತಿನ, 135ನೇ ಆಯ್ಕೆಯ ಹುಡುಗನೊಬ್ಬ, ಇದೇ ಪ್ರೆಸ್ಕಾಟ್, ಎದ್ದು ನಿಂತು ಆ ವರ್ಷ 13 ಪಂದ್ಯ ಗೆದ್ದುಕೊಟ್ಟದ್ದು ಅದಕ್ಕಿಂತ ದೊಡ್ಡ ಅದೃಷ್ಟ. ಮೂರನೆಯ ಬಾರಿಯೂ ಹಾಗೆಯೇ ಆಗುತ್ತದೆಂದು ನಂಬಿ ಕೂರುವುದನ್ನು ಯೋಜನೆ ಎನ್ನಲಾಗದು.

ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆರಿಸಿದರೆ ಸಿಗುವುದಿಲ್ಲವೇ ಎನ್ನುವವರಿಗೆ 2021ರ ಲೆಕ್ಕ ಕೊಡುತ್ತೇನೆ. ಆ ವರ್ಷ ಮೊದಲ ಸುತ್ತಿನಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು: ಟ್ರೆವರ್ ಲಾರೆನ್ಸ್, ಜಾಕ್ ವಿಲ್ಸನ್, ಟ್ರೇ ಲ್ಯಾನ್ಸ್, ಜಸ್ಟಿನ್ ಫೀಲ್ಡ್ಸ್, ಮ್ಯಾಕ್ ಜೋನ್ಸ್. 2024ರ ಋತು ಶುರುವಾಗುವ ಹೊತ್ತಿಗೆ ತನ್ನನ್ನು ಆರಿಸಿದ ತಂಡದಲ್ಲೇ ಉಳಿದಿದ್ದವರು ಲಾರೆನ್ಸ್ ಒಬ್ಬರೇ. ಲ್ಯಾನ್ಸ್ ಕಥೆಯಂತೂ ಕೌಬಾಯ್ಸ್‌ಗೆ ಚೆನ್ನಾಗಿ ಗೊತ್ತು. ಅವರನ್ನು ಮೂರನೇ ಸ್ಥಾನದಲ್ಲಿ ಪಡೆಯಲು ಸ್ಯಾನ್ ಫ್ರಾನ್ಸಿಸ್ಕೊ ತಂಡ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ತೆತ್ತಿತ್ತು. ಎರಡು ವರ್ಷ ಕಳೆದ ಮೇಲೆ ಡಲ್ಲಾಸ್ ಅದೇ ಲ್ಯಾನ್ಸ್ ಅವರನ್ನು ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಕೊಂಡು ತಂದಿತು, ಅವರನ್ನು ಒಂದು ಪಂದ್ಯದಲ್ಲಷ್ಟೇ ಆರಂಭಿಕರಾಗಿ ಇಳಿಸಿತು, ಅದನ್ನೂ ಸೋತಿತು. ಮಿನೆಸೋಟಾ ತಂಡ 2024ರಲ್ಲಿ 14 ಪಂದ್ಯ ಗೆದ್ದುಕೊಟ್ಟ ಸ್ಯಾಮ್ ಡಾರ್ನಲ್ಡ್ ಅವರನ್ನು ಹಣದ ಲೆಕ್ಕ ಹಾಕಿ ಬಿಟ್ಟುಕೊಟ್ಟಿತು. ಅಗ್ಗದ ಹೊಸ ಹುಡುಗನನ್ನು ನೆಚ್ಚಿದ ಮರುವರ್ಷ ಪ್ಲೇಆಫ್ ತಲುಪಲಿಲ್ಲ.

ಇನ್ನು ಪ್ರೆಸ್ಕಾಟ್ ಅವರ ಆಟ. 2023ರಲ್ಲಿ ಅವರು 36 ಟಚ್‌ಡೌನ್ ಪಾಸ್‌ಗಳೊಂದಿಗೆ (ನೇರವಾಗಿ ಅಂಕ ತರುವ ಎಸೆತಗಳು) ಲೀಗ್‌ನಲ್ಲೇ ಮೊದಲಿಗರಾದರು, ಎಂವಿಪಿ (ಋತುವಿನ ಅತ್ಯಮೂಲ್ಯ ಆಟಗಾರ) ಮತದಾನದಲ್ಲಿ ಲಮಾರ್ ಜಾಕ್ಸನ್ ನಂತರ ಎರಡನೆಯವರಾದರು. ಶಸ್ತ್ರಚಿಕಿತ್ಸೆಯಿಂದ ಮರಳಿದ 2025ರಲ್ಲಿ 4,500 ಗಜಕ್ಕೂ ಹೆಚ್ಚು ಎಸೆದರು. ಆ ವರ್ಷದ ಸೆಪ್ಟೆಂಬರ್ 28ರ ರಾತ್ರಿ ಗ್ರೀನ್ ಬೇ ಪ್ಯಾಕರ್ಸ್ ಡಲ್ಲಾಸ್‌ನ ಸ್ವಂತ ಮೈದಾನವಿರುವ ಆರ್ಲಿಂಗ್ಟನ್‌ಗೆ ಬಂದಿತ್ತು. ಒಂದು ತಿಂಗಳ ಹಿಂದಷ್ಟೇ ಡಲ್ಲಾಸ್ ಬಿಟ್ಟುಕೊಟ್ಟಿದ್ದ, ರಕ್ಷಣಾ ಪಡೆಯ ತಾರೆ ಮೈಕಾ ಪಾರ್ಸನ್ಸ್ ಎದುರಾಳಿಯ ಅಂಗಿ ತೊಟ್ಟು ಬಂದಿದ್ದರು, ಡಲ್ಲಾಸ್‌ನ ಮುಖ್ಯ ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಸೀಡೀ ಲ್ಯಾಂಬ್ ಗಾಯಗೊಂಡು ಹೊರಗಿದ್ದರು. ಪ್ರೆಸ್ಕಾಟ್ ಆಗಲೂ ತಂಡಕ್ಕೆ 40 ಅಂಕ ತಂದರು. ಪಂದ್ಯ 40-40ಕ್ಕೆ ಟೈ ಆಯಿತು. ಕ್ವಾರ್ಟರ್‌ಬ್ಯಾಕ್ ಮಾಡಬೇಕಾದ ಕೆಲಸ ಇದಕ್ಕಿಂತ ಹೆಚ್ಚಿಗೆ ಏನಿದೆ? ಎದುರಾಳಿಯ 40 ಅಂಕಗಳನ್ನೂ ಅವರೇ ತಡೆಯಬೇಕಿತ್ತೇ?

ಪ್ಲೇಆಫ್‌ನಲ್ಲಿ ಎರಡು ಗೆಲುವು, ಐದು ಸೋಲು ಎಂಬ ಲೆಕ್ಕವನ್ನು ಎಲ್ಲರೂ ಎತ್ತುತ್ತಾರೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಐದರಲ್ಲಿ ಮೊದಲನೆಯದರಲ್ಲಿ, 2017ರ ಜನವರಿಯಲ್ಲಿ, ಹೊಸ ಹುಡುಗನಾಗಿದ್ದ ಪ್ರೆಸ್ಕಾಟ್ ತಂಡಕ್ಕೆ 31 ಅಂಕ ತಂದರೂ ಎದುರಾಳಿ 34 ಗಳಿಸಿತು. ಕೊನೆಯದರಲ್ಲಿ ರಕ್ಷಣಾ ಪಡೆ 48 ಅಂಕ ಬಿಟ್ಟುಕೊಟ್ಟಿತು.

ಬೆಲೆ ಹೆಚ್ಚಾಯಿತೆಂಬ ಮಾತಿಗೂ ಉತ್ತರವಿದೆ, ಮತ್ತು ಆ ಉತ್ತರ ಮಾಲೀಕ ಜೆರ್ರಿ ಜೋನ್ಸ್ ಅವರ ಕಡೆ ಬೆರಳು ಮಾಡುತ್ತದೆ. 2019ರಲ್ಲಿ ಪ್ರೆಸ್ಕಾಟ್ ತಮ್ಮ ಮೊದಲ ಒಪ್ಪಂದದ ಕೊನೆಯ ವರ್ಷದಲ್ಲಿದ್ದಾಗಲೇ ಮಾತು ಮುಗಿಸಬಹುದಿತ್ತು. ತಂಡ ಮೀನಮೇಷ ಎಣಿಸಿತು. 2020ರಲ್ಲಿ ಫ್ರಾಂಚೈಸ್ ಟ್ಯಾಗ್ (ಆಟಗಾರನನ್ನು ಒಂದು ವರ್ಷ ತಂಡದಲ್ಲೇ ಹಿಡಿದಿಡುವ ಹಕ್ಕು) ಹಾಕಿ ಒಂದು ವರ್ಷಕ್ಕೆ 3.14 ಕೋಟಿ ಕೊಟ್ಟಿತು. ಆ ಅಕ್ಟೋಬರ್‌ನಲ್ಲಿ ಅವರ ಪಾದದ ಕೀಲು ಮುರಿಯಿತು. ಆದರೂ 2021ರ ಮಾರ್ಚ್‌ನಲ್ಲಿ ನಾಲ್ಕು ವರ್ಷಕ್ಕೆ 16 ಕೋಟಿ, ಅಂದರೆ ವರ್ಷಕ್ಕೆ 4 ಕೋಟಿ ಕೊಡಬೇಕಾಯಿತು. ಜೊತೆಗೆ, ಮುಂದೆ ಟ್ಯಾಗ್ ಹಾಕುವಂತಿಲ್ಲ, ಅವರ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ ಎಂಬ ಷರತ್ತುಗಳಿಗೂ ತಲೆಬಾಗಬೇಕಾಯಿತು. 2024ರಲ್ಲಿ ಮತ್ತೆ ಅದೇ ಚಾಳಿ. ಋತು ಮುಗಿದು ಪ್ರೆಸ್ಕಾಟ್ ಹೊರನಡೆದಿದ್ದರೆ, ಆಡದ ಆಟಗಾರನ ಲೆಕ್ಕದಲ್ಲಿ ಸುಮಾರು 4 ಕೋಟಿ ಡಾಲರ್ 2025ರ ಕ್ಯಾಪ್‌ನಲ್ಲಿ ಉಳಿದುಕೊಳ್ಳುತ್ತಿತ್ತು. ಆಟಗಾರ ಹೋಗುತ್ತಾನೆ, ಹಣ ಹೋಗುವುದಿಲ್ಲ. 6 ಕೋಟಿಯ ಬೆಲೆ ಪ್ರೆಸ್ಕಾಟ್ ಅವರ ದುರಾಸೆಯಿಂದ ಹುಟ್ಟಿದ್ದಲ್ಲ, ತಂಡದ ವಿಳಂಬದಿಂದ ಹುಟ್ಟಿದ್ದು.

ಇಷ್ಟಾಗಿಯೂ ಕ್ಯಾಪ್‌ನ ಪಾಲಿನಲ್ಲಿ ನೋಡಿದರೆ ಬೆಲೆ ಏರಿಲ್ಲ. 2021ರ ಕ್ಯಾಪ್ 18.25 ಕೋಟಿ, ವರ್ಷದ ಸರಾಸರಿ 4 ಕೋಟಿ ಅದರ ಶೇ 22ರಷ್ಟು. 2025ರ ಕ್ಯಾಪ್ 27.92 ಕೋಟಿ, 6 ಕೋಟಿ ಅದರ ಶೇ 21.5. ಪಾರ್ಸನ್ಸ್ ಅವರನ್ನು ಕಳೆದುಕೊಂಡದ್ದು ಪ್ರೆಸ್ಕಾಟ್ ಸಂಬಳದಿಂದ ಎಂದು ಹೇಳುವವರು ಒಮ್ಮೆ ಗ್ರೀನ್ ಬೇ ಕಡೆ ನೋಡಲಿ. ಆ ತಂಡ ತನ್ನ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್‌ಗೆ ವರ್ಷಕ್ಕೆ 5.5 ಕೋಟಿ ಕೊಡುತ್ತಿದ್ದೂ ಪಾರ್ಸನ್ಸ್‌ಗೆ 4.7 ಕೋಟಿ ಕೊಟ್ಟಿತು. ಅದೇ ಲೀಗ್, ಅದೇ ಕ್ಯಾಪ್.

ವಿರೋಧ: ಒಳ್ಳೆಯವರಾಗಿರುವುದೇ ತೊಡಕು

ಪ್ರೆಸ್ಕಾಟ್ ಕೆಟ್ಟ ಆಟಗಾರ ಎಂದು ವಾದಿಸಲು ನಾನಿಲ್ಲಿಲ್ಲ. ಕೆಟ್ಟವರಾಗಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ, ತಂಡ ಎಂದೋ ಕೈಬಿಡುತ್ತಿತ್ತು. ಮಹೋಮ್ಸ್ ಆಗಿದ್ದರೂ ಚರ್ಚೆ ಇರುತ್ತಿರಲಿಲ್ಲ. ಇವೆರಡರ ನಡುವೆ ನಿಂತಿರುವ, ಹತ್ತು ತಂಡಗಳಾದರೂ ಕೈಚಾಚಿ ಕರೆಯುವಷ್ಟು ಒಳ್ಳೆಯ, ಆದರೆ ಸುತ್ತಲಿನ ಕೊರತೆಗಳನ್ನೆಲ್ಲ ಒಬ್ಬರೇ ತುಂಬಿ ಫೈನಲ್‌ಗೆ ಒಯ್ಯುವಷ್ಟು ಅಲ್ಲದ ಆಟಗಾರನಿಗೆ ಅತ್ಯುತ್ತಮರ ಬೆಲೆ ಕೊಡುವುದರಲ್ಲೇ ತಂಡಗಳು ಸಿಕ್ಕಿಬೀಳುತ್ತವೆ.

ಹಣದ ಮಾತಿಗೆ ಬಂದರೆ, ಜೆರ್ರಿ ಜೋನ್ಸ್ 1989ರಲ್ಲಿ 14 ಕೋಟಿ ಡಾಲರ್‌ಗೆ ಕೊಂಡ ಈ ತಂಡದ ಮೌಲ್ಯವನ್ನು ಫೋರ್ಬ್ಸ್ 2024ರಲ್ಲಿ 1,000 ಕೋಟಿ ಡಾಲರ್‌ಗೂ ಮೇಲೆ ಎಂದು ಅಂದಾಜಿಸಿತು. ಅವರ ಜೇಬಿನ ಬಗ್ಗೆ ಯಾರೂ ಕಣ್ಣೀರಿಡಬೇಕಿಲ್ಲ. ಆದರೆ ಕ್ಯಾಪ್ ಮಾಲೀಕರ ಜೇಬನ್ನು ನೋಡುವುದಿಲ್ಲ. ಒಬ್ಬರಿಗೆ ಹೋದದ್ದು ಇನ್ನೊಬ್ಬರಿಗಿಲ್ಲ.

ಈ ಲೀಗ್‌ನ ಅರ್ಥಶಾಸ್ತ್ರ 2011ರಲ್ಲಿ ಮಗುಚಿಕೊಂಡಿತು. ಅದರ ಹಿಂದಿನ ವರ್ಷ ಮೊದಲ ಆಯ್ಕೆಯಾಗಿ ಬಂದ ಸ್ಯಾಮ್ ಬ್ರಾಡ್‌ಫರ್ಡ್ ಒಂದೂ ಪಂದ್ಯ ಆಡುವ ಮೊದಲೇ 5 ಕೋಟಿ ಡಾಲರ್ ಗ್ಯಾರಂಟಿ ಪಡೆದಿದ್ದರು. 2011ರಲ್ಲಿ ಹೊಸಬರ ಸಂಬಳಕ್ಕೆ ನಿಗದಿತ ಪಟ್ಟಿ ಬಂತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಒಟ್ಟು 2.2 ಕೋಟಿ. ಅಂದಿನಿಂದ, ಚೆನ್ನಾಗಿ ಆಡುವ ಯುವ ಕ್ವಾರ್ಟರ್‌ಬ್ಯಾಕ್ ಒಬ್ಬರು ಸಿಕ್ಕ ತಂಡ ಮೂರು-ನಾಲ್ಕು ವರ್ಷ ಉಳಿದ ಎಲ್ಲ ಜಾಗಗಳಲ್ಲೂ ಧಾರಾಳವಾಗಿ ಖರ್ಚು ಮಾಡಬಹುದಾಯಿತು. ಮೂರನೇ ಸುತ್ತಿನ ರಸೆಲ್ ವಿಲ್ಸನ್ ಜೊತೆ ಸಿಯಾಟಲ್ 2014ರ ಫೆಬ್ರವರಿಯಲ್ಲಿ ಡೆನ್ವರ್ ಅನ್ನು 43-8ರಿಂದ ಮಣಿಸಿ ಸೂಪರ್ ಬೌಲ್ ಗೆದ್ದಿತು. ಟ್ರೇ ಲ್ಯಾನ್ಸ್ ಕಥೆಯನ್ನು ಪರ ವಾದಿಗಳು ಅರ್ಧಕ್ಕೆ ನಿಲ್ಲಿಸಿದ್ದಾರೆ. ಅದೇ ಸ್ಯಾನ್ ಫ್ರಾನ್ಸಿಸ್ಕೊ ತಂಡ 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆಯಾದ ಬ್ರಾಕ್ ಪರ್ಡಿ ಅವರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗೂ ಕಡಿಮೆ ಕೊಟ್ಟು 2023ರ ಋತುವಿನಲ್ಲಿ ಸೂಪರ್ ಬೌಲ್ ಆಡಿತು. 2024ರಲ್ಲಿ ಡಲ್ಲಾಸ್‌ನ ಸ್ವಂತ ವಿಭಾಗದಲ್ಲೇ ವಾಷಿಂಗ್ಟನ್ ತಂಡ ಹೊಸಬ ಜೇಡನ್ ಡೇನಿಯಲ್ಸ್ ಅವರೊಂದಿಗೆ ಕಾನ್ಫರೆನ್ಸ್ ಫೈನಲ್ (ಸೂಪರ್ ಬೌಲ್‌ಗೆ ಹಿಂದಿನ ಹಂತ) ತಲುಪಿತು. ಡಲ್ಲಾಸ್ ಆ ಹಂತ ಕಂಡದ್ದು 1996ರ ಜನವರಿಯಲ್ಲಿ, ಕೊನೆಯ ಸೂಪರ್ ಬೌಲ್ ಗೆದ್ದ ವರ್ಷ.

ಕ್ಯಾಪ್ ಜಾರಿಗೆ ಬಂದ 1994ರಲ್ಲಿ ಗೆದ್ದ ಸ್ಟೀವ್ ಯಂಗ್ ತಂಡದ ಕ್ಯಾಪ್‌ನಲ್ಲಿ ಶೇ 13ರಷ್ಟು ಪಡೆಯುತ್ತಿದ್ದರು. ಅದಕ್ಕಿಂತ ಹೆಚ್ಚಿನ ಪಾಲು ಪಡೆದು ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್ 2022ರ ಋತುವಿನವರೆಗೆ ಒಬ್ಬರೂ ಇರಲಿಲ್ಲ. ಆಗ ಗೆದ್ದವರು ಮಹೋಮ್ಸ್. ಈ ನಿಯಮ ಮುರಿಯಲು ಮಹೋಮ್ಸ್ ಬೇಕಾಯಿತು ಎಂಬುದನ್ನು ಗಮನಿಸಿ. ಜೋ ಬರೋ ಅವರನ್ನು ನೋಡಿ: 2024ರಲ್ಲಿ 4,918 ಗಜ, 43 ಟಚ್‌ಡೌನ್, ಎರಡರಲ್ಲೂ ಲೀಗ್‌ಗೇ ಮೊದಲಿಗರು, ವರ್ಷಕ್ಕೆ ಸರಾಸರಿ 5.5 ಕೋಟಿ ಡಾಲರ್. ಅವರ ಸಿನ್ಸಿನಾಟಿ ತಂಡ 9 ಗೆದ್ದು 8 ಸೋತು ಮನೆಯಲ್ಲಿ ಕೂತಿತು.

ಶೇಕಡಾವಾರು ಲೆಕ್ಕ ತೋರಿಸಿ ಬೆಲೆ ಏರಿಲ್ಲ ಎಂಬ ವಾದ ಜಾಣತನದ್ದು, ಆದರೆ ನೇರವಲ್ಲ. 2021ರ ಕ್ಯಾಪ್ ಕೋವಿಡ್‌ನಿಂದಾಗಿ 19.82 ಕೋಟಿಯಿಂದ 18.25 ಕೋಟಿಗೆ ಕುಸಿದಿತ್ತು. ಕುಸಿದ ವರ್ಷವನ್ನು ಒಂದು ಕಡೆ, ಏರಿದ 2025ನ್ನು ಇನ್ನೊಂದು ಕಡೆ ಇಟ್ಟರೆ ಬೇಕಾದ ಉತ್ತರ ಬರುತ್ತದೆ. ಸಹಿ ಬಿದ್ದ 2024ರ ಕ್ಯಾಪ್‌ಗೆ ಹೋಲಿಸಿದರೆ 6 ಕೋಟಿ ಶೇ 23ನ್ನೂ ಮೀರುತ್ತದೆ.

ಈ ಹಣ ಪುಸ್ತಕದಲ್ಲಿ ಹೇಗೆ ಕೂರುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ‘ಕ್ಯಾಪ್ ಎಂಬುದೇ ಸುಳ್ಳು, ಲೆಕ್ಕ ಹೊಂದಿಸಬಹುದು’ ಎಂದು ಅಭಿಮಾನಿಗಳು ಆಡುವ ಮಾತು ಇಲ್ಲಿಂದಲೇ ಹುಟ್ಟಿದ್ದು. ಪ್ರೆಸ್ಕಾಟ್ ಸಹಿ ಹಾಕಿದ ಕೂಡಲೇ 8 ಕೋಟಿ ಡಾಲರ್ ಸೈನಿಂಗ್ ಬೋನಸ್ ಪಡೆದರು. ಹಣ ಅವರ ಕೈಸೇರುತ್ತದೆ, ಆದರೆ ಕ್ಯಾಪ್ ಲೆಕ್ಕದಲ್ಲಿ ಅದನ್ನು ಐದು ವರ್ಷಗಳಿಗೆ 1.6 ಕೋಟಿಯಂತೆ ಹಂಚಬಹುದು. 2025ರ ಮಾರ್ಚ್‌ನಲ್ಲಿ ತಂಡ ಆ ವರ್ಷದ ಅವರ ಸಂಬಳದ ಬಹುಪಾಲನ್ನೂ ಬೋನಸ್ ಆಗಿ ಬದಲಿಸಿ ಸುಮಾರು 3.66 ಕೋಟಿಯಷ್ಟು ಜಾಗ ಮಾಡಿಕೊಂಡಿತು. ಆ ವರ್ಷ ನಿರಾಳ. ಆದರೆ ಮುಂದೂಡಿದ ಪ್ರತಿಯೊಂದು ಡಾಲರೂ 2026ರಿಂದ ಮುಂದಿನ ವರ್ಷಗಳ ತಲೆಯ ಮೇಲೆ ಕೂತಿದೆ, ಮತ್ತು ಆಗ ಆಡುವವರು ಮೂವತ್ತೈದರ ಹೊಸ್ತಿಲಲ್ಲಿರುವ, 2020ರಲ್ಲಿ ಕಾಲು, 2022ರಲ್ಲಿ ಹೆಬ್ಬೆರಳು, 2024ರಲ್ಲಿ ತೊಡೆ ಕೆಡಿಸಿಕೊಂಡ ಆಟಗಾರ. ಅವರು ಹೊರಗುಳಿದ 2022ರ ಐದು ಪಂದ್ಯಗಳಲ್ಲಿ ಬದಲಿ ಕ್ವಾರ್ಟರ್‌ಬ್ಯಾಕ್ ಕೂಪರ್ ರಶ್ ನಾಲ್ಕನ್ನು ಗೆದ್ದರು. 2024ರಲ್ಲಿ ಪ್ರೆಸ್ಕಾಟ್ ಆಡಿದಾಗ 3 ಗೆಲುವು, 5 ಸೋಲು. ರಶ್ ಆಡಿದಾಗ 4 ಗೆಲುವು, 4 ಸೋಲು. ರಶ್ ಹೆಚ್ಚು ಒಳ್ಳೆಯ ಆಟಗಾರ ಎಂದು ಯಾರೂ ಹೇಳಲಾರರು. ಇಬ್ಬರ ನಡುವಿನ ಸಂಬಳದ ಅಂತರ ಅಂಕಪಟ್ಟಿಯಲ್ಲಿ ಕಾಣಿಸಬೇಕಿತ್ತಲ್ಲ ಎಂದಷ್ಟೇ ಕೇಳುತ್ತಿದ್ದೇನೆ.

ಇದರ ಬಿಸಿ ಎಲ್ಲಿ ತಟ್ಟಿತು ಎಂಬುದಕ್ಕೆ 2024ರ ವಸಂತ ಸಾಕು. ಪ್ರೆಸ್ಕಾಟ್ ಅವರ ಆ ವರ್ಷದ ಕ್ಯಾಪ್ ಮೊತ್ತ ಆಗ 5.51 ಕೋಟಿ ಡಾಲರ್ ಇತ್ತು, ತಂಡ ಹೊರಗಿನಿಂದ ಹೇಳಿಕೊಳ್ಳುವಂಥ ಯಾರನ್ನೂ ತರಲಿಲ್ಲ. ಓಟದ ಆಟಗಾರ ಡೆರಿಕ್ ಹೆನ್ರಿ ಡಲ್ಲಾಸ್‌ನಲ್ಲೇ ಮನೆ ಮಾಡಿಕೊಂಡಿದ್ದರು, ಕೌಬಾಯ್ಸ್ ಕರೆಯಲೇ ಇಲ್ಲ ಎಂದು ಆಮೇಲೆ ಹೇಳಿದರು. ಬಾಲ್ಟಿಮೋರ್ ಎರಡು ವರ್ಷಕ್ಕೆ 1.6 ಕೋಟಿ ಕೊಟ್ಟು ಕರೆದೊಯ್ದಿತು. ಸೆಪ್ಟೆಂಬರ್ 22ರಂದು ಅದೇ ಹೆನ್ರಿ ಆರ್ಲಿಂಗ್ಟನ್‌ಗೆ ಬಂದು ಡಲ್ಲಾಸ್ ಮೇಲೆ 151 ಗಜ ಓಡಿದರು, ಎರಡು ಟಚ್‌ಡೌನ್ ಗಳಿಸಿದರು. ಬಾಲ್ಟಿಮೋರ್ 28-25ರಿಂದ ಗೆದ್ದಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇದಕ್ಕೇ. ಇದು ತಂಡದ ವಿಳಂಬದ ತಪ್ಪು, ಪ್ರೆಸ್ಕಾಟ್ ಅವರದ್ದಲ್ಲ ಎಂಬ ಪರ ವಾದವನ್ನು ಒಪ್ಪುತ್ತೇನೆ. ಆದರೆ ಯಾರ ತಪ್ಪಾದರೂ ಖಾಲಿಯಾದದ್ದು ಅದೇ ಕ್ಯಾಪ್. ತಪ್ಪು ಮಾಲೀಕರದ್ದು ಎಂದು ಸಾಬೀತಾದ ಮಾತ್ರಕ್ಕೆ ಲೀಗ್ ಹಣ ಹಿಂದಿರುಗಿಸುವುದಿಲ್ಲ.

ಪ್ಲೇಆಫ್ ಬಗ್ಗೆ ಒಂದೇ ಪಂದ್ಯದ ಮಾತು. 2024ರ ಜನವರಿ 14, ಸ್ವಂತ ಮೈದಾನ. ಆ ಋತುವಿನಲ್ಲಿ ಅಲ್ಲಿ ಆಡಿದ ಎಂಟಕ್ಕೆ ಎಂಟನ್ನೂ ಡಲ್ಲಾಸ್ ಗೆದ್ದಿತ್ತು. ಎದುರಿಗಿದ್ದದ್ದು ಏಳನೇ ಶ್ರೇಯಾಂಕದ ಗ್ರೀನ್ ಬೇ. ಮೊದಲಾರ್ಧದಲ್ಲೇ ಪ್ರೆಸ್ಕಾಟ್ ಎರಡು ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿಯ ಕೈಸೇರುವುದು) ಕೊಟ್ಟರು. ಎರಡನೆಯದನ್ನು ಡಾರ್ನೆಲ್ ಸ್ಯಾವೇಜ್ ಹಿಡಿದು 64 ಗಜ ಓಡಿ ಟಚ್‌ಡೌನ್ ಮಾಡಿದರು. ಅಂಕ 27-0. ರಕ್ಷಣಾ ಪಡೆ 48 ಬಿಟ್ಟಿತು ಎಂಬುದು ನಿಜ, ಆದರೆ ಆ 48ರಲ್ಲಿ ಈ ಏಳೂ ಸೇರಿವೆ. ಅವರ 403 ಗಜಗಳೂ ಮೂರು ಟಚ್‌ಡೌನ್‌ಗಳೂ ಬಂದದ್ದು ಬಹುಪಾಲು ಪಂದ್ಯ ಕೈಬಿಟ್ಟ ಮೇಲೆ.

ಬಿಟ್ಟರೆ ಗತಿಯೇನು ಎಂಬ ಭಯಕ್ಕೆ ಡೆನ್ವರ್ ಉತ್ತರ. ರಸೆಲ್ ವಿಲ್ಸನ್ ಅವರನ್ನು 2024ರ ಮಾರ್ಚ್‌ನಲ್ಲಿ ಕೈಬಿಟ್ಟಾಗ ಆ ತಂಡದ ಕ್ಯಾಪ್ ಮೇಲೆ 8.5 ಕೋಟಿ ಡಾಲರ್ ಸತ್ತ ಹಣವಾಗಿ ಬಿತ್ತು, ಅದುವರೆಗಿನ ದಾಖಲೆ ಅದು. ಆ ಹೊರೆ ಹೊತ್ತುಕೊಂಡೇ ಅವರು ಬೋ ನಿಕ್ಸ್ ಅವರನ್ನು ಡ್ರಾಫ್ಟ್ ಮಾಡಿ ಅದೇ ಋತುವಿನಲ್ಲಿ 10 ಗೆದ್ದು ಪ್ಲೇಆಫ್ ಆಡಿದರು. ಮುಳುಗಲಿಲ್ಲ.

ನಾಳೆಯೇ ಪ್ರೆಸ್ಕಾಟ್ ಅವರನ್ನು ಹೊರಹಾಕಿ ಎಂದು ಹೇಳುತ್ತಿಲ್ಲ. ಗ್ಯಾರಂಟಿ ಹಣ ಮತ್ತು ಅವರ ಒಪ್ಪಿಗೆಯಿಲ್ಲದೆ ಕಳಿಸುವಂತಿಲ್ಲ ಎಂಬ ಷರತ್ತು ಇರುವಾಗ ಅದು ಆಗುವ ಕೆಲಸವೂ ಅಲ್ಲ. ಒಪ್ಪಿದ್ದನ್ನು ಕೊಡಿ. ಆದರೆ ಆಯಾ ವರ್ಷದ ಸಂಬಳವನ್ನು ಆಯಾ ವರ್ಷವೇ ಲೆಕ್ಕಕ್ಕೆ ಹಾಕಿ, ಮತ್ತೆ ಬೋನಸ್ ಮಾಡಿ ಮುಂದೂಡಬೇಡಿ. 2028ರ ಆಚೆಗೆ ಒಂದು ದಿನವೂ ವಿಸ್ತರಿಸಬೇಡಿ. ಅವರು ಆಡುತ್ತಿರುವಾಗಲೇ ಹಿಂದೆ ಒಬ್ಬ ಹುಡುಗನನ್ನು ತಂದು ಕೂರಿಸಿ. ಪರ ವಾದಿಗಳು ಗ್ರೀನ್ ಬೇ ಉದಾಹರಣೆ ಕೊಟ್ಟಿದ್ದಾರೆ, ನನಗೂ ಅದೇ ಬೇಕು. ಬ್ರೆಟ್ ಫಾವ್ರ್ ಇನ್ನೂ ಆಡುತ್ತಿದ್ದ 2005ರಲ್ಲಿ ಆ ತಂಡ ಮೊದಲ ಸುತ್ತಿನಲ್ಲಿ ಆರನ್ ರಾಜರ್ಸ್ ಅವರನ್ನು ಆರಿಸಿ ಮೂರು ವರ್ಷ ಕಾಯಿಸಿತು. ರಾಜರ್ಸ್ ಇನ್ನೂ ಆಡುತ್ತಿದ್ದ 2020ರಲ್ಲಿ ಮೊದಲ ಸುತ್ತಿನಲ್ಲೇ ಜೋರ್ಡನ್ ಲವ್ ಅವರನ್ನು ಆರಿಸಿ ಮೂರು ವರ್ಷ ಕಾಯಿಸಿತು, ಅಭಿಮಾನಿಗಳು ಬೈದರೂ ಕೇಳಲಿಲ್ಲ. ಲವ್‌ಗೆ 5.5 ಕೋಟಿ ಕೊಟ್ಟದ್ದು ಆಮೇಲಿನ ಮಾತು. ಆ ಜನವರಿಯಲ್ಲಿ ಡಲ್ಲಾಸ್ ಮೈದಾನದಲ್ಲಿ 48 ಅಂಕ ಹಾಕಿಹೋದಾಗ ಅವರು ಆರಂಭಿಕರಾಗಿ ಮೊದಲ ವರ್ಷ ಆಡುತ್ತಿದ್ದರು, ಆ ಬೆಲೆಯ ಹತ್ತಿರಕ್ಕೂ ಬಂದಿರಲಿಲ್ಲ.